ಎರಡು ಮುಖದ ಆ್ಯಸಿಡ್

ನಾನು ಪುತ್ತೂರಿನಲ್ಲಿ ದ್ವಿತೀಯ ಪಿಯುಸಿ ಓದುವಾಗ ನಮಗೆ ಕೆಮಿಸ್ಟ್ರಿ ಕಲಿಸುತ್ತಿದ್ದ ಮೇಡಂಗೆ ಗಂಟಲಿನ ಆಪರೇಷನ್ ಆಯಿತು. ರಜೆ ಮುಗಿಸಿ ಬಂದಾಗ ಅವರಲ್ಲಿ ಪಿಸುದನಿಯಷ್ಟೇ ಉಳಿದಿತ್ತು. ಇನ್ನು ಇವರ ಕ್ಲಾಸು ಸಂತೆಯಾಗುತ್ತದೆ ಅಂದುಕೊಂಡೆವು. ಅವರು ಬೋರ್ಡಿನ ಮೇಲೆ ಒಂದು ಅಣುವನ್ನು ಬರೆದು, ಕೆಂಪು ಚಾಕ್‌ನಲ್ಲಿ ಬಾಗಿದ ಬಾಣ ಎಳೆದು, ನಮ್ಮತ್ತ ತಿರುಗಿ ಹುಬ್ಬೇರಿಸಿದರು. ಎಲೆಕ್ಟ್ರಾನು ಎಲ್ಲಿಂದ ಹೊರಟಿತು, ಎಲ್ಲಿಗೆ ಹೋಯಿತು? ಹೇಳಬೇಕಾದವರು ನಾವು. ತಪ್ಪಿದರೆ ಬಾಣ ಒರೆಸಿ ಚಾಕನ್ನು ನಮ್ಮ ಕೈಗೇ ಕೊಡುತ್ತಿದ್ದರು. ಕ್ಲಾಸು ತಾನಾಗಿ ತೆಪ್ಪಗಾಯಿತು.

ಹತ್ತನೆಯವರೆಗೆ ಕನ್ನಡದಲ್ಲೇ ಓದಿದ್ದ ನನಗೆ ಆ ಬಾಣಗಳು ದಾರಿ ತೋರಿಸಿದವು. ಅದುವರೆಗೆ ಯಾವ ರಿಯೇಜೆಂಟ್ ಹಾಕಿದರೆ ಏನು ಸಿಗುತ್ತದೆಂದು ಬಾಯಿಪಾಠ ಮಾಡಿ, ಪರೀಕ್ಷೆಯಲ್ಲಿ ಎಲ್ಲವನ್ನೂ ಕಲಸಿಹಾಕುತ್ತಿದ್ದೆ. ಎಲೆಕ್ಟ್ರಾನು ಹೆಚ್ಚಿದ್ದಲ್ಲಿಂದ ಕಡಿಮೆ ಇದ್ದಲ್ಲಿಗೆ ಹೋಗುತ್ತದೆ ಎಂಬುದು ತಲೆಗೆ ಹತ್ತಿದ ಮೇಲೆ ಪುಟಗಟ್ಟಲೆ ಕ್ರಿಯೆಗಳು ಒಂದೊಂದಾಗಿ ಬಿಡಿಸಿಕೊಂಡವು.

ಒಮ್ಮೆ ಟಾಲೆನ್ಸ್ ರಿಯೇಜೆಂಟಿನ ಪಾಠ. ಆಲ್ಡಿಹೈಡ್ ಹಾಕಿದರೆ ಅದರಿಂದ ಬೆಳ್ಳಿ ಹೊರಬಂದು ನಳಿಕೆಯ ಒಳಮೈಗೆ ಕನ್ನಡಿಯಂತೆ ಅಂಟುತ್ತದೆ, ಆ್ಯಸಿಡ್ ಹಾಕಿದರೆ ಇಲ್ಲ ಎಂದು ಬರೆದುಕೊಂಡೆವು. ಐವರ್ನಾಡಿನ ನಮ್ಮ ಮನೆಯಲ್ಲಿ ರಬ್ಬರ್ ಹಾಲು ಗಟ್ಟಿಯಾಗಲು ಫಾರ್ಮಿಕ್ ಆ್ಯಸಿಡ್ ಹಾಕುತ್ತಾರೆ. ಅದರ ರಚನೆಯನ್ನು ಸುಮ್ಮನೆ ಬರೆದು ನೋಡಿದವಳು ಎದ್ದು ನಿಂತೆ.

"ಮೇಡಂ, ಇದು ಈ ಬದಿಯಿಂದ ಆ್ಯಸಿಡ್. ಆಚೆ ಬದಿಯಿಂದ ನೋಡಿದ್ರೆ ಆಲ್ಡಿಹೈಡಿನ ಹಾಗೆಯೇ ಉಂಟಲ್ಲ?"

"ಹೆಸರಲ್ಲೇ ಆ್ಯಸಿಡ್ ಉಂಟಲ್ಲ ಮಾರಾಯ್ತಿ!" ಎಂದಳು ಹಿಂದಿನ ಬೆಂಚಿನವಳು. ಎಲ್ಲರೂ ನಕ್ಕರು. ಮೇಡಂ ನಗದೆ ನನ್ನ ಬಳಿ ಬಂದು ಆ ಚಿತ್ರವನ್ನು ನೋಡಿದರು.

"ಉತ್ತರ ನಾನು ಹೇಳುದಿಲ್ಲ. ಮಧ್ಯಾಹ್ನ ಲ್ಯಾಬಿಗೆ ಬಾ, ಮಾಡಿ ನೋಡುವ."

ಮಧ್ಯಾಹ್ನ ಅವರು ಊಟಕ್ಕೂ ಹೋಗದೆ ಕಾಯುತ್ತಿದ್ದರು. ಸಿಲ್ವರ್ ನೈಟ್ರೇಟಿಗೆ ಒಂದು ಹನಿ ಸೋಡಿಯಂ ಹೈಡ್ರಾಕ್ಸೈಡ್ ಬಿದ್ದು ಕಂದು ಮಡ್ಡಿ ಕಟ್ಟಿತು. ಅಮೋನಿಯ ಬಿಟ್ಟಂತೆ ಅದು ಕರಗಿ ತಿಳಿಯಾಗಿ ಟಾಲೆನ್ಸ್ ರಿಯೇಜೆಂಟ್ ಸಿದ್ಧವಾಯಿತು. ಒಂದು ನಳಿಕೆಗೆ ಫಾರ್ಮಿಕ್ ಆ್ಯಸಿಡ್, ಇನ್ನೊಂದಕ್ಕೆ ಅಸಿಟಿಕ್ ಆ್ಯಸಿಡ್, ಎರಡರ ಆಮ್ಲತೆಯನ್ನೂ ಮೊದಲೇ ಕಳೆದು, ನನ್ನಿಂದ ಹಾಕಿಸಿದರು. ಬಿಸಿನೀರಿನಲ್ಲಿಟ್ಟು ಕಾದೆವು. ಅಸಿಟಿಕ್ ಹಾಗೆಯೇ ಉಳಿಯಿತು. ಫಾರ್ಮಿಕ್ ಹಾಕಿದ್ದು ಮೆಲ್ಲಗೆ ಕಪ್ಪಾಯಿತು.

"ಕನ್ನಡಿ ಬರ್ಲಿಲ್ಲ ಮೇಡಂ," ಎಂದೆ ಸಪ್ಪೆಯಾಗಿ.

"ಆ ಕಪ್ಪು ಎಂತ ಹಾಗಾದ್ರೆ?"

"... ಬೆಳ್ಳಿಯಾ?"

"ಬೆಳ್ಳಿಯೇ. ಹೊಳೀಲೇಬೇಕು ಅಂತ ಉಂಟಾ?"

ನಾನು ನಳಿಕೆಯನ್ನು ಬೆಳಕಿಗೆ ಹಿಡಿದು ಇನ್ನೊಮ್ಮೆ ನೋಡಿದೆ. ಅವರಿಗೆ ಉತ್ತರ ಮೊದಲೇ ಗೊತ್ತಿತ್ತು. ಆದರೂ ಅದನ್ನು ನನ್ನ ಕಣ್ಣೆದುರು ಆಗಲು ಬಿಟ್ಟರು. ಅಂಥ ತಾಳ್ಮೆಯನ್ನು ಆಮೇಲೆ ಕಂಡದ್ದು ಕಡಿಮೆ. ಮುಂದೆ ನಾನು ಕೆಮಿಸ್ಟ್ರಿಯನ್ನೇ ಓದಿದೆ.

ಮರುದಿನ ಅವರು ನನ್ನನ್ನು ಬೋರ್ಡಿನ ಮುಂದೆ ನಿಲ್ಲಿಸಿ, ನನ್ನ ಜಾಗದಲ್ಲಿ ಹೋಗಿ ಕೂತರು. ಅರ್ಧ ಕನ್ನಡ, ಅರ್ಧ ಇಂಗ್ಲಿಷಿನಲ್ಲಿ ನಾನು ತಡವರಿಸುತ್ತಾ ವಿವರಿಸಿದೆ. ನಡುವೆ ಮೇಡಂ ಕೈ ಎತ್ತಿದರು.

"ಅಸಿಟಿಕ್ ಆ್ಯಸಿಡ್ ಯಾಕೆ ಬೆಳ್ಳಿ ಕೊಡುದಿಲ್ಲ?"

"ಆಲ್ಡಿಹೈಡಿನ ಹಾಗೆ ಆಚೆ ಬದಿಯಲ್ಲಿ ಹೈಡ್ರೋಜನ್ ಇಲ್ಲ ಮೇಡಂ, ಮೀಥೈಲ್ ಉಂಟು."

ಅವರು ತಲೆಯಾಡಿಸಿ, ಹಿಂದಿನ ಬೆಂಚಿನವಳಿಗೆ ಅದನ್ನು ಬರೆದುಕೊಳ್ಳುವಂತೆ ಸನ್ನೆ ಮಾಡಿದರು.