ಮೋಸಹೋದೆ ಎಂದು ಪ್ರಮಾಣ ಮಾಡಿದ ಆರ್ಡಿಸ್

ಆರ್ಡಿಸ್ ಹಾಗನ್‌ಳ ಬಟ್ಟೆಯನ್ನು ಹೊಗಳುವ ತಪ್ಪು ಯಾರೂ ಮಾಡಬಾರದು. ಹೊಗಳಿದರೆ ಥ್ಯಾಂಕ್ಸ್ ಬರುವುದಿಲ್ಲ, ಲೆಕ್ಕ ಬರುತ್ತದೆ. "ನೂರಾ ಅರವತ್ತು ಡಾಲರ್ ಕೋಟು ಇದು. ನಾನೆಷ್ಟು ಕೊಟ್ಟೆ ಹೇಳು ನೋಡೋಣ?" ನಮ್ಮ ಸೆಂಟ್ರೇಲಿಯಾ ಊರಿನಲ್ಲಿ ಈ ಚಟ ಎಲ್ಲರಿಗೂ ಅಷ್ಟಿಷ್ಟು ಇದೆ. ಕಡಿಮೆ ಕೊಟ್ಟವರು ಸಾರಿಕೊಂಡು ತಿರುಗುತ್ತಾರೆ, ಹೆಚ್ಚು ಕೊಟ್ಟವರು ಬಾಯಿ ಮುಚ್ಚಿಕೊಂಡಿರುತ್ತಾರೆ. ಆರ್ಡಿಸ್ ಮಾತ್ರ ಅದನ್ನು ವ್ರತದಂತೆ ಮಾಡಿಕೊಂಡಿದ್ದಳು. "ನನಗೆ ಟೋಪಿ ಹಾಕೋನು ಇನ್ನೂ ಹುಟ್ಟಿಲ್ಲ" ಎನ್ನುವುದು ಅವಳ ನಿತ್ಯದ ಮಾತು.

ಅವಳು ಶಾಲೆಯ ಬಸ್ ಓಡಿಸಿ ನಿವೃತ್ತಳಾದವಳು. ಬಸ್ ಹೋಯಿತು, ಜನರನ್ನು ಹತ್ತಿಸಿಕೊಳ್ಳುವ ಚಪಲ ಹೋಗಲಿಲ್ಲ. ಹೆದ್ದಾರಿ ಪಕ್ಕದ ದೊಡ್ಡ ಬಟ್ಟೆ ಅಂಗಡಿಯಿಂದ 'ಈ ವಾರ ಮಾತ್ರ, ಅರ್ಧ ಬೆಲೆ' ಎಂಬ ಕರಪತ್ರ ಅಂಚೆಯಲ್ಲಿ ಬಂದರೆ ಸಾಕು, ಚರ್ಚಿನ ಹೆಂಗಸರನ್ನೆಲ್ಲ ಕಾರಿಗೆ ತುಂಬಿಕೊಂಡು ಹೊರಡುವಳು. ಖರೀದಿ ಮುಗಿದ ಮೇಲೆ ಎಲ್ಲರೂ ಸೇರಿ ಊಟ. ನಾನೊಬ್ಬಳು ಹೋಗುತ್ತಿರಲಿಲ್ಲ, ಅಂಗಡಿಯ ಕನ್ನಡಿಗಳಲ್ಲಿ ನನ್ನನ್ನು ನೋಡಿಕೊಳ್ಳುವುದೆಂದರೆ ನನಗಾಗದು.

ರಿಯಾಯಿತಿ ಇಲ್ಲದ ದಿನ ಆ ಅಂಗಡಿಗೆ ಕಾಲಿಡುವುದು ದಡ್ಡರ ಕೆಲಸ ಎಂದು ಆರ್ಡಿಸ್ ನಂಬಿದ್ದಳು. ಹಾಗಾಗಿ ಅಂಥ ದಿನ ಅಲ್ಲಿ ಏನು ನಡೆಯುತ್ತದೆಂದು ಅವಳು ನೋಡಿಯೇ ಇರಲಿಲ್ಲ. ಒಮ್ಮೆ ಗೆಳತಿ ವೆರ್ಲಾಳ ಪ್ಯಾಂಟು ಬಿಗಿಯಾಯಿತೆಂದು ಬದಲಿಸಲು, ಕರಪತ್ರದ ವಾರ ಕಳೆದ ಮೇಲೆ ಹೋದಳು. 'ಈ ವಾರ ಮಾತ್ರ' ಎಂಬ ಬೋರ್ಡು ಅಲ್ಲೇ ನೇತಾಡುತ್ತಿತ್ತು. ಮುಂದಿನ ವಾರ ಹೋದಳು, ಆಗಲೂ ಇತ್ತು. ಚಳಿಗಾಲದುದ್ದಕ್ಕೂ ಹೋಗಿ ನೋಡಿದಳು, ಬೋರ್ಡು ಇಳಿಯಲಿಲ್ಲ. ನೂರಾ ಅರವತ್ತಕ್ಕೆ ಆ ಕೋಟು ಯಾವತ್ತೂ ಮಾರಾಟಕ್ಕೇ ಇರಲಿಲ್ಲ.

ಅವಳ ಸಿಟ್ಟು ವಕೀಲೆ ಮಿಸ್ ಕೀನ್‌ವರೆಗೂ ಹೋಯಿತು. ಗಿರಾಕಿಗಳೆಲ್ಲರ ಪರವಾಗಿ, ಆರ್ಡಿಸ್ ಹೆಸರಿನಲ್ಲಿ ದಾವೆ ದಾಖಲಾಯಿತು. ಮರು ವರ್ಷ ಕಂಪನಿ ರಾಜಿಗೆ ಬಂದು, ಎಲ್ಲರಿಗೂ ಅದೇ ಅಂಗಡಿಯ ಕೂಪನ್ ಹಂಚಿತು. ಮೂಗು ಕೊಯ್ದವನೇ ನತ್ತು ಕೊಟ್ಟ ಹಾಗೆ. ಅದಿರಲಿ, ನಾನು ಹೇಳಹೊರಟದ್ದು ಅದಕ್ಕಿಂತ ಮೊದಲಿನ ಮಾತು.

ವಿಚಾರಣೆಗೆ ಮುಂಚೆ ಎದುರು ಪಕ್ಷದ ವಕೀಲರು ಪ್ರಮಾಣ ಮಾಡಿಸಿ ಪ್ರಶ್ನೆ ಕೇಳುತ್ತಾರೆ, ಪ್ರತಿ ಮಾತೂ ದಾಖಲಾಗುತ್ತದೆ. ಕಂಪನಿಯ ವಕೀಲ ವಿಟ್‌ಲಾಕ್, ನಾವು ಚಾಪೆ ಕೆಳಗೆ ತೂರಿದರೆ ರಂಗೋಲಿ ಕೆಳಗೆ ತೂರುವವನು.

"ನೀವು ಬಹಳ ಜಾಣ ಗಿರಾಕಿ ಅಂತ ಕೇಳಿದೀನಿ, ಮಿಸೆಸ್ ಹಾಗನ್."

"ಈ ಜಿಲ್ಲೇಲಿ ನನ್ನಂಥವಳಿಲ್ಲ."

"ಹಾಗಾದ್ರೆ ಆ ನೂರಾ ಅರವತ್ತರ ಹಳೇ ಬೆಲೆ ಬರೀ ತೋರಿಕೆಗೆ ಅಂತ ನಿಮಗೆ ಗೊತ್ತಿತ್ತು, ಅಲ್ವಾ?"

ಮಿಸ್ ಕೀನ್ ಪೆನ್ನು ಕೆಳಗಿಟ್ಟಳಂತೆ. ಗೊತ್ತಿತ್ತು ಎಂದರೆ ಆರ್ಡಿಸ್ ಮೋಸಹೋಗಿಲ್ಲ, ದಾವೆ ಅಲ್ಲಿಗೇ ಬಿತ್ತು. ಗೊತ್ತಿರಲಿಲ್ಲ ಎಂದರೆ ಬದುಕಿಡೀ ಸಾಕಿಕೊಂಡು ಬಂದ ಹೆಸರು ಮಣ್ಣುಪಾಲು, ಅದೂ ಪ್ರಮಾಣ ಮಾಡಿ. ಅತ್ತ ದರಿ, ಇತ್ತ ಪುಲಿ. ಆರ್ಡಿಸ್ ನೀರು ಕುಡಿದಳು.

"ನನ್ನೊಬ್ಬಳದೇ ಆಗಿದ್ರೆ ಗೊತ್ತಿತ್ತು ಅಂತಲೇ ಅಂತಿದ್ದೆ. ಕೇಸು ಹಾಳಾಗಿ ಹೋಗ್ಲಿ. ಆದ್ರೆ ವೆರ್ಲಾನ್ನ ಕರ್ಕೊಂಡು ಹೋದವಳು ನಾನು. ಬೇಡ ಬೇಡ ಅಂದ್ರೂ ನಮ್ಮ ಚರ್ಚಿನ ಮಾರ್ಲಿಸ್‌ಗೆ ಕೋಟು ತೊಡಿಸಿ ಕೊಳ್ಳೋ ಹಾಗೆ ಮಾಡಿದವಳೂ ನಾನೇ. ಗೊತ್ತಿದ್ದೂ ಗೆಳತಿಯರ ಕಣ್ಣಿಗೆ ಮಣ್ಣೆರಚಿದ್ಲು ಅಂತ ಬರ್ಕೋಬೇಡಿ. ನಾನು ಮೋಸಹೋದೆ. ಪೂರ್ತಿ ಮೋಸಹೋದೆ."

ಆ ಭಾನುವಾರ ಪ್ರಾರ್ಥನೆ ಮುಗಿದ ಮೇಲೆ, ಚರ್ಚಿನ ನೆಲಮಾಳಿಗೆಯಲ್ಲಿ ಕಾಫಿಗೆ ಸೇರಿದಾಗ ಆರ್ಡಿಸ್ ಎದ್ದು ನಿಂತಳು. ನಾನು ಕಪ್ಪು ತೊಳೆಯುತ್ತಿದ್ದೆ. "ನನ್ನಿಂದ ನಿಮ್ಮ ದುಡ್ಡು ಹೋಯ್ತು. ನಂಗೆ ಗೊತ್ತಾಗ್ಲಿಲ್ಲ. ಕ್ಷಮಿಸಿ" ಎಂದಳು. ನಾನು ನಲ್ಲಿ ನಿಲ್ಲಿಸಿದೆ.

ವೆರ್ಲಾ ಕಾಫಿಯಲ್ಲಿ ಬಿಸ್ಕತ್ತು ಅದ್ದುತ್ತಿದ್ದಳು. "ಅಯ್ಯೋ, ಅದು ನಮಗೆ ಗೊತ್ತಿತ್ತಲ್ಲೇ."

"ಏನು ಗೊತ್ತಿತ್ತು?"

"ಆ ಬೆಲೆ ಸುಳ್ಳು ಅಂತ. ನನ್ನ ಸೊಸೆ ಅಲ್ಲೇ ಕೆಲ್ಸ ಮಾಡಿದವಳು."

ಮಾರ್ಲಿಸ್ ಕೂಡ ತಲೆ ಆಡಿಸಿದಳು.

"ಮತ್ತೆ ಬಾಯಿ ಬಿಡೋಕೆ ಏನಾಗಿತ್ತು ನಿಮಗೆ?"

"ಡಾನ್ ಹೋದ ಮೇಲೆ ನನ್ನ ಮನೆ ಮುಂದೆ ಬಂದು ಹಾರ್ನ್ ಹೊಡೆಯೋಳು ನೀನೊಬ್ಳೇ" ಎಂದಳು ವೆರ್ಲಾ. ಡಾನ್ ಎಂದರೆ ತೀರಿಹೋದ ಅವಳ ಗಂಡ. "ಹೇಳಿದ್ರೆ ನೀನು ಬರ್ತಿದ್ಯಾ?"

ಆರ್ಡಿಸ್‌ಳ ಮುಖ ಕೆಂಪಾಯಿತು. ವಕೀಲನ ಮುಂದೆ ಆಗದಷ್ಟು ಅವಮಾನ ಅವಳಿಗೆ ಇಲ್ಲಿ ಆಗಿತ್ತು. ಕೈಚೀಲ ಎತ್ತಿಕೊಂಡು ಬಾಗಿಲವರೆಗೆ ನಡೆದಳು. ಅಲ್ಲಿ ನಿಂತು, ತಿರುಗದೆಯೇ ಕೇಳಿದಳು:

"ಮಂಗಳವಾರ ಖಾಲಿ ಇದ್ದೀಯೇನೇ, ವೆರ್ಲಾ?"