ಕಥೆಯಿಲ್ಲದ ಪ್ರತಿ ಹಿಡಿದು ಅಬುಧಾಬಿಗೆ

ದುಬೈಯ ಅಲ್ ಬರ್ಷಾದ ರೂಮಿನಿಂದ ಹೊರಟಾಗ ಮಂಜಿನಲ್ಲಿ ಮೆಟ್ರೋ ಹಳಿಯೇ ಕಾಣುತ್ತಿರಲಿಲ್ಲ. 2016ರ ಜನವರಿಯ ಒಂದು ಶುಕ್ರವಾರ. ಇಬ್ನ್ ಬತೂತಾ ಸ್ಟೇಷನ್ನಿನಿಂದ ಅಬುಧಾಬಿ ಬಸ್ಸಿಗೆ ಇಪ್ಪತ್ತೈದು ದಿರ್ಹಮ್. ಬಸ್ಸು ತೆವಳುತ್ತಿತ್ತು. ಸಂಜೆಯ ವಿಮಾನಕ್ಕೆ ಲಾರೆನ್ಸ್ ಸರ್ ಮಂಗಳೂರಿಗೆ ಹೊರಡುವವರು. ಅದಕ್ಕೆ ಮೊದಲು ನಾನು ಮುಟ್ಟಬೇಕಿತ್ತು.

ಮೂವತ್ತು ದಾಟಿದ ಮೇಲೆ ನನಗೆ ಇಂಗ್ಲಿಷ್ ಓದಲು ಕಲಿಸಿದವರು ಅವರು. ಪಾಠಕ್ಕೆ ಹಿಡಿದದ್ದು ಸುಮಾರು ಸಾವಿರದ ಮುನ್ನೂರು ವರ್ಷ ಹಿಂದೆ ಇಂಗ್ಲೆಂಡಿನ ಸನ್ಯಾಸಿಯೊಬ್ಬರು ಲ್ಯಾಟಿನ್ನಿನಲ್ಲಿ ಬರೆದ ಚರ್ಚಿನ ಚರಿತ್ರೆ, ಇಂಗ್ಲಿಷ್ ಅನುವಾದದಲ್ಲಿ. ಆಗ ಅದನ್ನು ಓದುತ್ತಿದ್ದವರು ರಾಜರು, ಸನ್ಯಾಸಿಗಳು. ಈಗ ಕಾಲೇಜಿನವರು. "ನಮ್ಮಂಥವ್ರೂ ಓದ್ಬೇಕು ಮಾರಾಯಾ" ಎನ್ನುತ್ತಿದ್ದರು ಸರ್.

ಪಾರ್ಶ್ವವಾಯು ಬಡಿದು ಅವರ ಮಾತು ನಿಂತಿತ್ತು. ಆಸ್ಪತ್ರೆಯವರು ಹೇಳಿಕೊಟ್ಟ ಅಭ್ಯಾಸಕ್ಕೆ ಬಾಯಿಯನ್ನೇ ತೆರೆಯುತ್ತಿರಲಿಲ್ಲ. ಅವರ ಪುಸ್ತಕಗಳೆಲ್ಲ ಆಗಲೇ ಊರಿಗೆ ಹೋಗಿದ್ದವು. "ನಿನ್ನ ಪ್ರತಿ ತಾ. ಬಿಷಪ್ಪರು ಮೂಗನಿಗೆ ಮಾತು ಬರಿಸಿದ ಕಥೆ ಓದು" ಎಂದು ಅವರ ಹೆಂಡತಿ ಸೆಲಿನ್ ಬಾಯಮ್ಮ ಫೋನ್ ಮಾಡಿದ್ದರು.

ಬಸ್ಸಿನಲ್ಲಿ ಪುಸ್ತಕ ತೆರೆದೆ. ಹೊಸದಾಗಿ ಕೊಂಡ ಪ್ರತಿ; ಪಾಠ ಓದಿದ್ದು ಸರ್ ಪುಸ್ತಕದಲ್ಲಿ. ಎರಡು ಸಲ ಹುಡುಕಿದರೂ ಆ ಕಥೆ ಸಿಗಲಿಲ್ಲ. ವಿದ್ಯಾರ್ಥಿಗಳಿಗಾಗಿ ಪವಾಡಗಳನ್ನು ಬಿಟ್ಟಿದೆ ಎಂದು ಮುನ್ನುಡಿಯಲ್ಲಿತ್ತು.

ಅಬುಧಾಬಿಯ ಟೂರಿಸ್ಟ್ ಕ್ಲಬ್ ಏರಿಯಾದಲ್ಲಿ ಸರ್ ಫ್ಲಾಟಿನ ಬಾಗಿಲಲ್ಲೇ ಸೂಟ್‌ಕೇಸುಗಳಿದ್ದವು.

"ಬಾಯಮ್ಮ, ಇದ್ರಲ್ಲಿ ಆ ಕಥೆಯೇ ಇಲ್ಲ. ಪರೀಕ್ಷೆಯವ್ರಿಗೆ ಬೇಡ ಅಂತ ತೆಗ್ದಿದ್ದಾರೆ."

"ಅವ್ರಿಗೆ ಬೇಡದಿದ್ರೆ ನಮ್ಗೆ ಬೇಡ್ವಾ? ಬಾಯಲ್ಲೇ ಹೇಳು, ಯಲ್ಲಾ, ಬೇಗ. ಟ್ಯಾಕ್ಸಿ ಈಗ ಬರ್ತದೆ."

ಮಂಚದಲ್ಲಿದ್ದ ಸರ್ ಎಡಗೈಯಲ್ಲಿ ಪುಟ ಮಗುಚಿ ನೋಡಿ ಪುಸ್ತಕವನ್ನು ದೂಡಿದರು. ಗೋಡೆಯ ಕಡೆ ತಿರುಗಿದರು.

ನಾನು ಶುರು ಮಾಡಿದೆ. "ಬಿಷಪ್ಪರು ಮೂಗನಿಗೆ ಮೊದ್ಲು ಅಕ್ಷರ ಹೇಳ್ಸಿದ್ರು. ಎ, ಬಿ..."

ಮಂಚದ ಮೇಲೆ ಏಟು ಬಿತ್ತು. ನಾನು ತಪ್ಪು ಓದಿದಾಗ ಮೇಜಿಗೆ ಬೀಳುತ್ತಿದ್ದ ಅದೇ ಏಟು. ಸರ್ ಮುಖ ಕೆಂಪೇರಿತ್ತು.

"ಬಿಪಿ ಏರ್ತದೆ, ಸಾಕು ಮಾಡು" ಎಂದರು ಬಾಯಮ್ಮ.

ಅಷ್ಟರಲ್ಲಿ ನೆನಪಾಯಿತು. "ಅಲ್ಲ ಸರ್, ಅಕ್ಷರ ಆಮೇಲೆ. ಮೊದ್ಲು 'ಹೌದು' ಅಂತ ಒಂದೇ ಮಾತು ಹೇಳ್ಸಿದ್ರು. ಸರಿಯಾ?"

ಅವರ ಗಂಟಲಿನಿಂದ ಬರೀ ಗಾಳಿ ಬಂತು. ಮತ್ತೊಮ್ಮೆ ಗಾಳಿ. ಆಮೇಲೆ, ಕೊಂಕಣಿಯ 'ಹೌದು', ಒಡೆದ ದನಿಯಲ್ಲಿ, "ವ್ಹಯ್."

ಬಾಯಮ್ಮ ಸೂಟ್‌ಕೇಸಿನ ಮೇಲೆ ಕುಸಿದು ಕೂತರು. "ನಾನು ಕೇಳಿದ್ರೆ ಇಲ್ಲ. ಶಿಷ್ಯ ತಪ್ಪಿದ್ರೆ ಮಾತು ಬರ್ತದೆ, ನೋಡು!" ಎಂದು ಕಣ್ಣೊರೆಸಿಕೊಂಡರು.

ಕೆಳಗೆ ಟ್ಯಾಕ್ಸಿಯ ಕಿಟಕಿಗೆ ಬಗ್ಗಿ, "ಇನ್ನು ಅಕ್ಷರ, ಸರ್" ಎಂದೆ. ಅವರು ತಲೆಯಾಡಿಸಲಿಲ್ಲ, ಬಾಯಿ ತೆರೆದರು. ಟ್ಯಾಕ್ಸಿ ಹೊರಟಿತು. ತಿರುವಿನಲ್ಲಿ ಮರೆಯಾಗುವವರೆಗೂ ಅದರ ಪಕ್ಕದ ಕನ್ನಡಿಯಲ್ಲಿ ಆ ತೆರೆದ ಬಾಯಿ ಕಾಣುತ್ತಿತ್ತು.