ಹಗಲು ಮನೆಯಲ್ಲಿರುವ ಹಕ್ಕಿ

ನಿನ್ನೆ ಬೆಳಿಗ್ಗೆ ನನ್ನ ಸ್ಕೂಟರಿನ ಸೀಟಿನ ಮೇಲೆ ಹೆಬ್ಬೆರಳಿನಷ್ಟು ಉದ್ದದ ಬೂದು ಉಂಡೆಯೊಂದು ಬಿದ್ದಿತ್ತು. ಕಡ್ಡಿಯಿಂದ ಬಿಡಿಸಿದೆ. ಇಲಿಯ ದವಡೆ, ಕೂದಲು, ಜೀರುಂಡೆಯ ಚಿಪ್ಪು. ಹಾಲಕ್ಕಿ, ಅದೇ ನಮ್ಮ ಪುಟ್ಟ ಗೂಬೆ, ತಿಂದು ಅರಗದ್ದನ್ನು ಉಗುಳಿತ್ತು. ಐವತ್ತು ದಾಟಿದ ಹೆಂಗಸು ತಮಿಳುನಾಡಿನ ತೇನಿಯ ಬೀದಿಯಲ್ಲಿ ಕುಕ್ಕರಗಾಲಲ್ಲಿ ಕೂತು ಗೂಬೆಯ ಎಂಜಲು ಕೆದಕುವುದನ್ನು ಕಂಡಿದ್ದರೆ ನೀವೂ ನಗುತ್ತಿದ್ದಿರಿ. ಪಕ್ಕದ ಮನೆಯ ಮಹಾಲಿಂಗ ನಗಲಿಲ್ಲ. ಅವನ ಗೋಡೆಯಲ್ಲಿ ಹಳೇ ಪೈಪು ತೆಗೆದ ತೂತಿದೆ. ಹಾಲಕ್ಕಿ ಜೋಡಿ ಅಲ್ಲೇ ಸಂಸಾರ ಹೂಡಿದೆ.

"ಅಕ್ಕಾ, ಮನೇಲಿ ಆಂದೆ ಸೇರಿದ್ರೆ ಒಳ್ಳೇದಲ್ಲ. ನಾಳೆ ಮೇಸ್ತ್ರಿ ಬರ್ತಾನೆ, ಮುಚ್ಚಿಸಿಬುಡ್ತೀನಿ," ಎಂದ. ನಮ್ಮ ಮನೆಗನ್ನಡದಲ್ಲಿ ಗೂಬೆಗೆ ತಮಿಳಿನ ಆಂದೆಯೇ ಹೆಸರು. ನಾನು ಸರಿ ಎನ್ನಲಿಲ್ಲ, ಬೇಡ ಎನ್ನಲೂ ಇಲ್ಲ. ನೆರೆಹೊರೆಯ ಜಗಳ ಎಂದರೆ ನನಗೆ ಮೊದಲಿನಿಂದಲೂ ಅಳುಕು.

ನಾನು ಚಿಕ್ಕವಳಿದ್ದಾಗ ಆಂಡಿಪಟ್ಟಿ ಹತ್ತಿರದ ನಮ್ಮ ಹೊಲ ನೋಡಿಕೊಳ್ಳುತ್ತಿದ್ದವಳು ಅಪ್ಪನ ಅಕ್ಕ, ನನ್ನ ಅತ್ತೆ. ಕಡಲೆಕಾಯಿ ಗಿಡ ಹೂ ಬಿಡುವ ಹೊತ್ತಿಗೆ ಅವಳು ಅಲ್ಲಲ್ಲಿ ಕೋಲು ನೆಟ್ಟು, ತುದಿಗೆ ಅಡ್ಡಪಟ್ಟಿ ಕಟ್ಟಿ, ಅದಕ್ಕೆ ಹುಲ್ಲು ಸುತ್ತುತ್ತಿದ್ದಳು. ಇಲಿ ಹಿಡಿಯುವ ಹಾಲಕ್ಕಿ ಕೂರಲೆಂದು. "ಬರೀ ಕೋಲಲ್ಲಿ ಉಗುರು ಜಾರ್ತದೆ. ನೆಂಟರಿಗೆ ಚಾಪೆ ಹಾಕಲ್ವಾ, ಹಂಗೆ," ಎನ್ನುತ್ತಿದ್ದಳು. ಇಲಿಗೆ ವಿಷ ಇಡಲು ಮಾತ್ರ ಬಿಡುತ್ತಿರಲಿಲ್ಲ. ಅದೇ ವಿಷ ಹಕ್ಕಿಯ ಹೊಟ್ಟೆಗೂ ಹೋಗುತ್ತದಲ್ಲ. ಸಂಜೆಯಾದರೆ ಎರಡು ಹಕ್ಕಿಗಳು ಬಂದು ಕೂತು, ತಲೆ ಕುಣಿಸುತ್ತ, ಹೆಣ್ಣು ನೋಡಲು ಬಂದವರ ಹಾಗೆ ನಮ್ಮನ್ನು ಅಳೆಯುತ್ತಿದ್ದವು. ನಮ್ಮ ಬಾವಿಯ ಕಲ್ಲುಗೋಡೆಯ ಒಂದು ಪೊಟರೆಯೇ ಅವುಗಳ ಮನೆ. ಆ ಸಂಜೆಗಳು ಈಗಲೂ ಬೇಕು ಅನ್ನಿಸುತ್ತದೆ.

ನನಗೆ ಹನ್ನೆರಡಾಗಿದ್ದಾಗ ಅಜ್ಜಿಗೆ ಜ್ವರ ಬಂತು. ಹಾಲಕ್ಕಿಯ ಕೂಗು ಕೇಳಿ, ಕಳೆ ಕೀಳಲು ಬಂದವರು "ಅದು ಸಾವು ಕರೀತದೆ" ಎಂದರು. ಅಜ್ಜಿ ಎಂದರೆ ನನಗೆ ಪ್ರಾಣ. ಪೊಟರೆ ಮುಚ್ಚಿದರೆ ಹಕ್ಕಿ ಬೇರೆ ಕಡೆ ಹೋದೀತು ಎಂದುಕೊಂಡೆ. ಪಾಪ, ಒಳಗೆ ಸಿಕ್ಕಿಕೊಳ್ಳಬಾರದು. ಅಷ್ಟು ದಯೆ ನನಗೂ ಇತ್ತು. ಕಾಗೆ, ಗೊರವಂಕ ಎಲ್ಲ ಹಗಲು ಮೇಯಲು ಹೋಗುತ್ತವೆ, ಇದೂ ಹೋಗಿರುತ್ತದೆ ಎಂದು ಮಧ್ಯಾಹ್ನವೇ ಬಾವಿಯ ಮೆಟ್ಟಿಲಿಳಿದು, ಕಲ್ಲು ತುರುಕಿ, ಜೇಡಿಮಣ್ಣು ಮೆತ್ತಿ ಬಂದೆ. ಎಂಥ ಬುದ್ಧಿವಂತೆ ನೋಡಿ.

ಸಂಜೆ ಅತ್ತೆ ಹೊಲದಿಂದ ಬಂದವಳೇ, "ಒಂದೇ ಕೂತದೆ. ಬಾವಿ ಕಡೆ ನೋಡಿ ನೋಡಿ ಕೂಗ್ತದೆ. ಇನ್ನೊಂದೆಲ್ಲಿ?" ಎಂದಳು. ನಾನು ಹೇಳಿಬಿಟ್ಟೆ. ಅವಳು ಬೈಯಲಿಲ್ಲ. ನನ್ನನ್ನು ಎಳೆದುಕೊಂಡೇ ಬಾವಿಗಿಳಿದು ಮಣ್ಣು ಕಿತ್ತಳು. ತಾಯಿಹಕ್ಕಿ ಅವಳ ಬೆರಳು ಸೀಳಿ ಹಾರಿತು. ಒಳಗೆ ಮೂರು ಮರಿ. ಗಾಳಿಗೆಂದು ಪೊಟರೆಯ ಬಾಯಿಯ ತನಕ ತೆವಳಿ ಬಂದಿದ್ದ ಒಂದರಲ್ಲಿ ಉಸಿರಿರಲಿಲ್ಲ.

"ಅದಕ್ಕೆ ಹಗಲೇ ರಾತ್ರಿ ಕಣಮ್ಮಾ. ಮಲಗಿರೋರ ಮನೆ ಬಾಗ್ಲು ಮುಚ್ಚಿದೆ ನೀನು," ಎಂದಳು ಅತ್ತೆ.

ಸತ್ತ ಮರಿಯನ್ನು ಸೆರಗಿನಲ್ಲಿ ಸುತ್ತಿಕೊಂಡಳು. ಮನೆಯಲ್ಲಿ ಯಾರಿಗೂ ಹೇಳಲಿಲ್ಲ. ಬೆರಳಿಗೆ ಕುಡುಗೋಲು ತಾಗಿತು ಎಂದಳು. ನಾಲ್ಕು ದಿನಕ್ಕೆ ಅಜ್ಜಿ ಎದ್ದು ಕೂತು, ಸಾರಿಗೆ ಉಪ್ಪಿಲ್ಲವೆಂದು ಜಗಳ ತೆಗೆದಳು. ನಾನು ಬಹಳ ದಿನ ಬಾವಿಯ ಕಡೆ ಹೋಗಲಿಲ್ಲ.

ಇವತ್ತು ಮಧ್ಯಾಹ್ನ ಮೇಸ್ತ್ರಿ ಸಿಮೆಂಟಿನ ಬಾಂಡಲಿ ಹಿಡಿದು ಏಣಿ ಹತ್ತಿದ. ಮಹಾಲಿಂಗ ನನ್ನ ಮುಖ ನೋಡಿ, "ಹಗಲಲ್ವಾಕ್ಕಾ, ಎಲ್ಲಾ ಹೊರಗೆ ಹೋಗಿರ್ತವೆ. ಪಾಪ ಏನೂ ಬರಲ್ಲ," ಎಂದ.

ನಾನು ಹೋಗಿ ಏಣಿ ಹಿಡಿದುಕೊಂಡೆ.

"ಇಲ್ಲಪ್ಪಾ, ಒಳಗೇ ಇರ್ತವೆ. ಮರೀನೂ ಇರ್ತದೆ. ನಂಗೆ ಗೊತ್ತು." ತೂತಿನ ಕಡೆ ಕೈ ತೋರಿಸಿದೆ. "ಹಿಂಗೇ ಮುಚ್ಚಿ ನಾನೊಂದನ್ನ ಕೊಂದಿದ್ದೀನಿ."

ಇಷ್ಟು ವರ್ಷದಲ್ಲಿ ಈ ಮಾತನ್ನು ಬಾಯಿಬಿಟ್ಟು ಹೇಳಿದ್ದು ಇದೇ ಮೊದಲು. ಮಹಾಲಿಂಗ ತಲೆಯೆತ್ತಿ ತೂತನ್ನು ನೋಡಿದ. ಆಮೇಲೆ ಮೇಸ್ತ್ರಿಗೆ ತಮಿಳಿನಲ್ಲಿ, ಮೆಲ್ಲಗೆ, ಇಳಿದು ಬಾ ಎಂದ.